ಬೇವಿನ ಬುಡದ ಊಟ

ಲಗಮಣ್ಣ ಚಟ್ಟದ ಬಿದಿರನ್ನು ತನ್ನ ಬಾಗಿಲ ಕಡೆಗೆ ಎಳೆದ. ಇನ್ನೊಂದು ತುದಿ ಹಿಡಿದಿದ್ದ ತಮ್ಮ ಮಾಳೇಶ ಬಿಡಲಿಲ್ಲ. ತೆಲಸಂಗದ ಆ ಓಣಿಯಲ್ಲಿ ಇಬ್ಬರ ಮನೆಗಳೂ ಎದುರುಬದುರು. ಅವರ ತಾಯಿ ದುಂಡವ್ವ ನಸುಕಿನಲ್ಲಿ ಮಾಳೇಶನ ಮನೆಯಲ್ಲಿ ತೀರಿಕೊಂಡಿದ್ದಳು.

“ಜಿನ್ನಪ್ಪಣ್ಣಾ, ಅವಗ ಹೇಳ್ರಿ,” ಎಂದ ಲಗಮಣ್ಣ, ತಮ್ಮನ ಮುಖ ನೋಡದೆ. “ಹಿರೇಮಗ ನಾ ಅದೀನಿ. ಅವ್ವ ನನ್ನ ಬಾಗಲದಿಂದ ಏಳಬೇಕು.”

“ಇಷ್ಟ ವರ್ಷ ನೋಡಿಕೊಂಡಾಂವ ನಾ ಅಂತ ಅವಗೂ ಹೇಳ್ರಿ,” ಎಂದ ಮಾಳೇಶ.

ನೆರೆಮನೆಯ ಜಿನ್ನಪ್ಪ ಟೋಪಿ ತೆಗೆದು ತಲೆ ಒರೆಸಿಕೊಂಡ. ಆಸ್ತಿ ಪಾಲಾದಂದಿನಿಂದ ಇವರ ಮಾತು ಹೀಗೆಯೇ, ಮೂರನೆಯವರ ಮೂಲಕ.

“ಮಾಳಸಿದ್ದಣ್ಣಾ, ನೀವಾರ ಹೇಳ್ರಿ.”

ದುಂಡವ್ವನ ಗಂಡ ಮಾಳಸಿದ್ದ ಗೋಡೆ ಹಿಡಿದು ಎದ್ದ. ಬದುಕಿನುದ್ದಕ್ಕೂ ಹೆಂಡತಿ ಹೇಳಿದ್ದಕ್ಕೆ ಹೂಂ ಎಂದವನು.

“ಇಬ್ಬರ ಬಾಗಲಾನೂ ಬ್ಯಾಡ. ಬೇವಿನ ಬುಡಕ್ಕ ಒಯ್ರಿ. ಅಲ್ಲಿಂದನ ಎತ್ತೂನು.”

“ಅಪ್ಪಾ, ನಡು ಓಣ್ಯಾಗ?” ಎಂದ ಲಗಮಣ್ಣ.

“ಹೌದು. ನಡು ಓಣ್ಯಾಗ.”

*

ಪಾಲಿನ ದಿನ ಹಿರಿಯರು ಹೊಲ, ಕುರಿ, ಹಂಡೆ ಎಲ್ಲ ಹಂಚಿದ ಮೇಲೆ ಅಪ್ಪನನ್ನು ದೊಡ್ಡವನಿಗೆ, ಅವ್ವನನ್ನು ಸಣ್ಣವನಿಗೆ ಎಂದಿದ್ದರು. ದುಂಡವ್ವ ಅಂದು ಸಂಜೆ ರೊಟ್ಟಿಯ ತಾಟು ಹಿಡಿದು ಹೊರಬಂದು, ಎರಡು ಮನೆಗಳ ನಡುವಿನ ಬೇವಿನ ಬುಡದಲ್ಲಿ ಕೂತಳು.

“ಏನ್ರಿ, ತಾಟು ತಗೊಂಡು ಬರ್ರಿ,” ಎಂದು ಗಂಡನನ್ನು ಕರೆದಳು.

ಮಾಳೇಶ ಓಡಿಬಂದ. “ಅವ್ವಾ, ಮಂದಿ ನಗತಾರ. ಒಳಗ ಬಾ.”

“ನಗಲಿ. ಬ್ಯಾರೆ ಆದಾವ್ರು ನೀವು. ನಾವು ಆಗಿಲ್ಲ.”

ಮರುದಿನವೂ ಅಲ್ಲೇ ಉಂಡಳು. ಮಳೆ ಬಂದಾಗ ಇಬ್ಬರೂ ಒಂದೇ ಕಂಬಳಿಯಡಿ ಕೂತು ಉಂಡರು. ಮೊದಲು ಮೊಮ್ಮಕ್ಕಳು ತಾಟು ತಂದರು. ಆಮೇಲೆ ಮಾಳೇಶನ ಹೆಂಡತಿ ಉಜ್ವಲಾ ಪಲ್ಯ ತಂದಳು, ಅದನ್ನು ನೋಡಿ ಹಿರಿಸೊಸೆಯೂ ಬಂದಳು. ಗಂಡುಮಕ್ಕಳಿಬ್ಬರು ಮಾತ್ರ ತಮ್ಮ ತಮ್ಮ ಹೊಸ್ತಿಲಲ್ಲೇ ಉಂಡರು. ಆದರೂ ದುಂಡವ್ವ ದಿನಾಲು ತುತ್ತು ಮುರಿಯುವ ಮೊದಲು ಕೂಗುತ್ತಿದ್ದಳು: “ಲಗಮಾ, ಮಾಳೂ, ಉಣ್ಣಾಕ ಬರ್ರಿ.”

ಜ್ವರ ಹಿಡಿದ ಕೊನೆಯ ವಾರ ಅವಳಿಗೆ ದನಿ ಇರಲಿಲ್ಲ. ಉಜ್ವಲಾ ಎತ್ತಿ ತಂದು ಕೂರಿಸಿ, ಎದುರುಮನೆಗೆ ಕೇಳುವಂತೆ ತಾನೇ ಕೂಗಿದಳು: “ಭಾವಾರ, ಅತ್ತಿ ಉಣ್ಣಾಕ ಕರ್ಯಾಕತ್ತಾರ.”

ಲಗಮಣ್ಣ ಅಂದೂ ಹೊಸ್ತಿಲು ದಾಟಲಿಲ್ಲ.

*

ಬೇವಿನ ಬುಡದಿಂದಲೇ ದುಂಡವ್ವನನ್ನು ಎತ್ತಿದರು. ಮುಂದೆ ಒಬ್ಬ ಮಗ, ಹಿಂದೆ ಒಬ್ಬ. ಹೊಲದಲ್ಲಿ ತೋಡಿದ ಕುಣಿಗೆ ಇಬ್ಬರೂ ಇಳಿದು ತಾಯಿಯನ್ನು ಕೈಮೇಲೆ ಇಳಿಸಿಕೊಂಡರು.

ಮಾಳಸಿದ್ದ ಮೊದಲ ಹಿಡಿ ಮಣ್ಣು ಹಾಕಿ ನೆಟ್ಟಗೆ ನಿಂತ. ಎಲ್ಲರಿಗೂ ಕೇಳುವಂತೆ ಹೇಳಿದ:

“ಅಕಿ ಕರದು ಕರದು ಹ್ವಾದ್ಲು. ಇನ್ನ ದಿನಾ ಸಂಜಿಕ ನಾ ಕರೀತೀನಿ. ಬರೂತನಕ ಕರೀತೀನಿ.”



ಮಣ್ಣು ಮುಚ್ಚಿದ ಮೇಲೆ ಜನ ಬೋರಿನ ತೊಟ್ಟಿಯ ಬಳಿ ಸ್ನಾನಕ್ಕೆ ಬಂದರು. ಮಾಳೇಶ ತಲೆಯ ಮೇಲೆ ಕೊಡ ಸುರಿದುಕೊಂಡ. ಕೂದಲಲ್ಲಿದ್ದ ಮಣ್ಣು ಕರಗಿ ಕಣ್ಣಿಗೆ ಇಳಿಯಿತು. ಅವನು ಕಣ್ಣು ಮುಚ್ಚಿ ಗಾಳಿಯಲ್ಲಿ ಕೈ ಚಾಚಿದ.

“ಅಣ್ಣಾ, ಟಾವೆಲ್ ಕೊಡು.”

ಲಗಮಣ್ಣ ಹೆಗಲಿನಿಂದ ಟಾವೆಲ್ ತೆಗೆದ. ಆದರೆ ಆ ಕೈಗೆ ಕೊಡಲಿಲ್ಲ. ತಮ್ಮನ ತಲೆಯ ಮೇಲೆ ಹಾಕಿ, ಎರಡೂ ಕೈಯಿಂದ ತಾನೇ ಒರೆಸತೊಡಗಿದ.