ಜಾಗ ತಪ್ಪಿದ ಫೋಟೋಗಳು

ಹೊಸ ಮೊಬೈಲ್ ಮನೆಗೆ ಬಂದ ಮಾರನೇ ದಿನವೇ ತೃಪ್ತಿ ಅನ್ನ ಬಿಟ್ಟಳು.

ಒಂಬತ್ತು ವರ್ಷದ ಹುಡುಗಿ. ಕಿವಿ ಚುರುಕು, ಕಣ್ಣು ಇನ್ನೂ ಚುರುಕು, ಆದರೆ ಮಾತಿಲ್ಲ. ತಲೆಯಾಡಿಸುವುದೂ ಬರದು, ಬೇಕಾದ್ದನ್ನು ಕೈ ಮಾಡಿ ತೋರಿಸುವುದೂ ಬರದು. ಶಿವಮೊಗ್ಗದ ಡಾಕ್ಟರು ಆಟಿಸಂ ಅಂದಿದ್ದರು. ಆಗ ಅವಳಿಗೆ ನಾಲ್ಕು ವರ್ಷ. ತಮ್ಮೂರು ಹೊಸಬಾಳೆಗೆ ವಾಪಸು ಬಂದ ಮೇಲೆ ಅವಳ ತಾಯಿ ನಯನ ಒಂದು ದಿನ ಸುಮ್ಮನೆ ನೀರಿನ ಲೋಟದ ಫೋಟೋ ತೆಗೆದಳು. ಮಗಳು ಅದರ ಮೇಲೆ ಬೆರಳಿಟ್ಟಳು. ನಯನ ನೀರು ಕೊಟ್ಟಳು. ಮಗಳು ಕುಡಿದಳು. ಅವತ್ತು ಒಲೆ ಮೇಲಿನ ಸಾರು ಉಕ್ಕಿ ಬೆಂಕಿ ಆರಿಹೋದದ್ದೂ ನಯನಳಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಐದು ವರ್ಷ ಅದೇ ಕೆಲಸ. ಪಾತ್ರೆ ತೊಳೆಯುತ್ತ, ದನಕ್ಕೆ ಹುಲ್ಲು ಹಾಕುತ್ತ, ನಡುವೆ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಒಂದೊಂದು ಫೋಟೋ. ಅನ್ನದ ತಟ್ಟೆ, ಬಚ್ಚಲ ಬಾಗಿಲು, ಹಾಸಿಗೆ, ಅಪ್ಪನ ಬೈಕು, ಅಜ್ಜಿ. ಮುನ್ನೂರಕ್ಕೂ ಹೆಚ್ಚಾದವು. ಸಾಲಿಗೆ ನಾಲ್ಕರಂತೆ, ತೆಗೆದ ದಿನದ ಕ್ರಮದಲ್ಲಿ ಗ್ಯಾಲರಿಯಲ್ಲಿ ಕೂತಿದ್ದವು. ತೃಪ್ತಿ ಚಿತ್ರ ನೋಡುತ್ತಲೇ ಇರಲಿಲ್ಲ. ಕಣ್ಣು ಎತ್ತಲೋ ಇಟ್ಟುಕೊಂಡು, ಬೆರಳಿಂದ ಎರಡು ಸಲ ಮೇಲಕ್ಕೆ ತಳ್ಳಿ ಮೂರನೇ ಸಾಲು ಮುಟ್ಟಿದರೆ ಬಸ್ಸು. ಅಮ್ಮ ಅದರ ಹೆಸರು ಹೇಳಿದ ಮೇಲೆ ಬೆರಳು ತೆಗೆಯುತ್ತಿದ್ದಳು. ಹೇಳದಿದ್ದರೆ ಒತ್ತಿಕೊಂಡೇ ಇರುತ್ತಿದ್ದಳು.

ಒಮ್ಮೆ ಮೊಬೈಲ್ ತುಂಬಿ, ನಯನ ಬೇಡದ ಒಂದು ಫೋಟೋ ಅಳಿಸಿದ್ದಳು. ಅದರ ಹಿಂದಿನವೆಲ್ಲ ಒಂದೊಂದು ಜಾಗ ಮುಂದಕ್ಕೆ ಸರಿದವು. ತೃಪ್ತಿ ಬಸ್ಸು ಮುಟ್ಟಲು ಹೋಗಿ ಬಾಳೆಹಣ್ಣು ಮುಟ್ಟಿದಳು, ಮೊಬೈಲ್ ಎಸೆದಳು. ಅಷ್ಟು ಗೊತ್ತಿದ್ದೂ ನಯನ ಹೊಸದಕ್ಕೆ ಆಸೆಪಟ್ಟಳು. ಹೊಸದರಲ್ಲಿ ಜಾಗ ಬೇಕಾದಷ್ಟು ಇರುತ್ತದೆ, ಇನ್ನು ಏನನ್ನೂ ಅಳಿಸುವುದು ಬೇಡ, ಮಗಳಿಗೆ ಇನ್ನೂ ಸಾವಿರ ಮಾತು ಕೊಡಬಹುದು ಅಂತ.

ಶಿಕಾರಿಪುರದಲ್ಲಿ ಕೆಲಸಕ್ಕಿದ್ದ ಗಂಡ ಮಾಲತೇಶ್ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಂದ. ಬೆಣ್ಣೆ ಸವರಿದಂಥ ನುಣುಪು. ಅಂಗಳದಲ್ಲಿ ಒಣಗಿದ ಭತ್ತದ ಫೋಟೋ ತೆಗೆದರೆ ಒಂದೊಂದು ಕಾಳೂ ಎಣಿಸುವ ಹಾಗೆ ಕಾಣುತ್ತಿತ್ತು. ಮುಖ ನೋಡಿದರೆ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

"ತಲೆಗೆ ಟವೆಲ್ ಸುತ್ಕಂಡ್ರೆ ಗುರುತೇ ಹಿಡಿಯಲ್ವಲ್ರೀ ಇದು," ಅಂದಳು ನಯನ.

"ನಂಗೂ ಹಿಡಿಯಕ್ಕಾಗಲ್ಲ," ಅಂದ ಮಾಲತೇಶ್. ಅತ್ತೆ ಬಂಗಾರಮ್ಮ ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕರು.

ಆ ಸಂಜೆ ನಯನ ಗ್ಯಾಲರಿ ತೆರೆದು ಮಗಳ ಮುಂದಿಟ್ಟಳು. ಅಂಗಡಿಯವನು ಹಳೆಯದರಿಂದ ಸಾಗಿಸಿದ್ದ ಫೋಟೋಗಳೆಲ್ಲ ಬಂದಿದ್ದವು. ಆದರೆ ಹೊಸ ಮೊಬೈಲ್ ಅವನ್ನು ತನಗೆ ಸರಿಕಂಡ ಹಾಗೆ ಜೋಡಿಸಿತ್ತು. ಮುಖಗಳು ಒಂದು ಕಡೆ, ತಿಂಡಿಗಳು ಒಂದು ಕಡೆ, ಉಳಿದದ್ದಕ್ಕೆಲ್ಲ ಸಾಗಿಸಿದ ದಿನದ ಒಂದೇ ತಾರೀಖು, ಹಿಂದುಮುಂದಾಗಿ. ತೃಪ್ತಿಯ ಬೆರಳು ಅಭ್ಯಾಸದ ಜಾಗಕ್ಕೆ ಹೋಯಿತು. ಅಲ್ಲಿ ಎಮ್ಮೆ ಇತ್ತು. ಅವಳು ಮತ್ತೆ ಮುಟ್ಟಿದಳು. ಮತ್ತೆ. ಆಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ನಯನ ಎರಡು ದಿನ ಮೊದಲಿದ್ದ ಹಾಗೆ ಜೋಡಿಸಲು ಕೂತಳು. ಮೊದಲ ಇಪ್ಪತ್ತು ನೆನಪಾದವು, ಆಮೇಲೆ ತಲೆ ಖಾಲಿ. ಕ್ರಮ ಗೊತ್ತಿದ್ದದ್ದು ಮಗಳ ಬೆರಳಿಗೆ, ಅಮ್ಮನಿಗಲ್ಲ.

"ಹೊಸದು ಒಗ್ಗಾಕೆ ನಾಕು ದಿನ ಬೇಕು ಕಣೆ," ಅಂದರು ಬಂಗಾರಮ್ಮ. "ಹಟ ಅದು. ಹೊಟ್ಟೆ ಹಸಿದ್ರೆ ತಾನೇ ಉಣ್ತದೆ."

ಉಣ್ಣಲಿಲ್ಲ. ಮೂರನೇ ದಿನ ನೀರನ್ನೂ ತಳ್ಳಿದಳು. ನಾಲ್ಕನೇ ದಿನ ಬೆಳಿಗ್ಗೆ ನಯನ ಹಾಲು ಕರೆಯುವುದನ್ನು ಅತ್ತೆಗೆ ಬಿಟ್ಟು, ಮಗಳನ್ನು ಕರಕೊಂಡು ಸೊರಬಕ್ಕೆ ಬಂದು ಶಿಕಾರಿಪುರದ ಬಸ್ಸು ಹತ್ತಿದಳು. ಹಳೆ ಮೊಬೈಲ್ ವಾಪಸು ತಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ.

ಬಸ್ಸಿನಲ್ಲಿ ತೃಪ್ತಿ ಕಿಟಕಿಯ ಕಂಬಿಗೆ ಕೆನ್ನೆ ಒತ್ತಿಕೊಂಡು ನರಳುತ್ತಿದ್ದಳು. ಶಿರಾಳಕೊಪ್ಪದಲ್ಲಿ ಹತ್ತಿದ ಹೆಂಗಸೊಬ್ಬಳು ನಯನಳ ಕೈಲಿದ್ದ ಫಳಫಳ ಮೊಬೈಲ್ ನೋಡಿದಳು.

"ಅದಕ್ಕೇ ಅಳಾಕತ್ತೈತೇನು? ಮಕ್ಕಳ ಕೈಗೆ ಇದನ್ನ ಕೊಟ್ರೆ ಹಿಂಗೇ ನೋಡವ್ವ. ಮೊದ್ಲು ನೀವು ಬಿಡ್ರಿ, ಆಮ್ಯಾಲೆ ಅವು ಬಿಡ್ತಾವು."

ನಯನ ಮೊಬೈಲನ್ನು ಸೆರಗಿನೊಳಗೆ ಇಟ್ಟುಕೊಂಡಳು. ಮಗಳ ಬೆವೆತ ಕೂದಲನ್ನು ಹಿಂದಕ್ಕೆ ಸರಿಸಿದಳು.

ಅಂಗಡಿ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿತ್ತು. ಅಂಗಡಿಯ ಚೌಡೇಶ್ ಹೊಸ ಮೊಬೈಲನ್ನು ಆಚೀಚೆ ತಿರುಗಿಸಿ ನೋಡಿದ.

"ಎಲ್ಲಾ ಬಂದೈತಲ್ರೀ ಅಕ್ಕಾರೆ. ಒಂದು ಫೋಟೋನೂ ಹೋಗಿಲ್ಲ."

"ಫೋಟೋ ಇದಾವೆ ಅಣ್ಣ. ಜಾಗ ಹೋಗಿದೆ."

"ಜಾಗ? ಇದರಾಗೆ ಹಳೇದರ ಎಂಟು ಪಟ್ಟು ಜಾಗ ಐತ್ರೀ!"

ನಯನ ಹೇಗೋ ಬಿಡಿಸಿ ಹೇಳಿದಳು. ಅವನಿಗೆ ಅರ್ಧ ಅರ್ಥವಾಯಿತು. ಒಳಗಿನ ಡ್ರಾಯರಿನಿಂದ ಹಳೆಯದನ್ನು ತಂದ. ಮೂಲೆಯಲ್ಲಿ ಸೀಳಿದ್ದ ಗಾಜಿನ ಬದಲು ಹೊಸ ಗಾಜು ಬಂದಿತ್ತು.

"ಇದನ್ನ ಅವತ್ತೇ ರಿಸೆಟ್ ಮಾಡೀವಿ. ಇನ್ನೊಬ್ರಿಗೆ ಮಾರೋದಲ್ರೀ, ನಿಮ್ಮ ಫೋಟೋ ಅವರಿಗೆ ಹೋಗಬಾರ್ದಲ್ಲ? ಒಳಗೇನೂ ಇಲ್ಲ." ತೆರೆದು ತೋರಿಸಿದ. ಗ್ಯಾಲರಿ ಬೆಳ್ಳಗಿತ್ತು.

ನಯನ ಗಾಜಿನ ಕೌಂಟರ್ ಹಿಡಿದುಕೊಂಡಳು. ಐದು ವರ್ಷ ಕೂಡಿಸಿದ ಮಾತನ್ನು ತಾನೇ ಕೈಯಾರೆ ಡಬ್ಬಿಯಲ್ಲಿಟ್ಟು ಗಂಡನ ಕೈಗೆ ಕೊಟ್ಟು ಕಳಿಸಿದ್ದಳು.

ಅಷ್ಟರಲ್ಲಿ ತೃಪ್ತಿ ಆ ಹಳೆ ಮೊಬೈಲನ್ನು ಎಳೆದುಕೊಂಡಳು. ಬಿಳಿ ಪರದೆಯ ಮೇಲೆ ಬೆರಳಿಂದ ಒಂದು ಸಲ ಮೇಲಕ್ಕೆ ತಳ್ಳಿದಳು. ಪರದೆ ಅಲುಗಲಿಲ್ಲ. ಇನ್ನೊಂದು ಸಲ. ಮೂರನೇ ಸಲ. ಆಮೇಲೆ ಎರಡನೇ ಸಾಲಿನ ಕೊನೆ ಇರಬೇಕಾದಲ್ಲಿ ಬೆರಳು ಒತ್ತಿ ಹಿಡಿದಳು.

ಏನೂ ಇಲ್ಲದ ಕಡೆ. ಒತ್ತಿ ಹಿಡಿದೇ ಇದ್ದಳು.

ನಯನ ಮಗಳ ಎದುರು ಕುಕ್ಕರಗಾಲಲ್ಲಿ ಕೂತಳು. ಮೂರು ಸಲ ತಳ್ಳಿದ ಮೇಲೆ ಬರುವುದು ಯಾವುದು? ಊರ ಶಾಲೆಯ ರಾಜೇಶ್ವರಮ್ಮ ಟೀಚರು ಮಗಳನ್ನು ನೋಡಲು ಮನೆಗೆ ಬಂದು ಹೋದ ಮೇಲಿನದು. ಆ ಬೇಸಿಗೆ. ತಾಳಗುಂದದಲ್ಲಿ ತವರುಮನೆ. ಮೊದಲು ಜೋಳದ ರಾಶಿ, ಆಮೇಲೆ ಮೇಕೆಮರಿ. ಮಾರನೇ ದಿನ ಕೆರೆ, ನೀಲಿ ಬಕೆಟ್ಟು. ಅಲ್ಲಿಗೆ ಒಂದು ಸಾಲು ಮುಗಿಯಿತೇ? ಆಮೇಲೆ ಅಮ್ಮನ ಬಳೆ, ಚಾಪೆ, ಮಾವಿನಕಾಯಿ...

"ಕೆರೇನಾ ಪುಟ್ಟಿ? ಮಾವಿನಕಾಯಾ?"

ಬೆರಳು ಕದಲಲಿಲ್ಲ.

ಮಾವಿನಕಾಯಿ ಕಚ್ಚಿದ ದಿನ ಏನಾಯಿತು? ತೃಪ್ತಿಯ ಹಾಲುಹಲ್ಲು ಬಿದ್ದಿತ್ತು. ನಯನಳ ತಾಯಿ ನಿಂಗಮ್ಮ ಅದನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯುವ ಮೊದಲು ನಯನ, ತಡಿಯಮ್ಮ ಅಂತ ಹೇಳಿ, ಅಂಗೈ ಮೇಲಿಟ್ಟು ಒಂದು ಫೋಟೋ ತೆಗೆದಿದ್ದಳು.

"ಹಲ್ಲು?"

ತೃಪ್ತಿ ಬೆರಳು ತೆಗೆದಳು.

ಅವಳ ಬಾಯಿ ಬಿಡಿಸಿ ನೋಡಲು ಚೌಡೇಶನೂ ಟಾರ್ಚ್ ಹಿಡಿಯಬೇಕಾಯಿತು. ಕೆಳಗಿನ ದವಡೆಯ ಹಿಂದಿನ ಹಲ್ಲು ಕಪ್ಪಗೆ ಪೊಳ್ಳಾಗಿತ್ತು. ಸುತ್ತಲಿನ ವಸಡು ಕೀವು ತುಂಬಿ ಊದಿತ್ತು.

"ಅಯ್ಯಯ್ಯೋ," ಅಂದ ಅವನು.

ನಾಲ್ಕು ದಿನ. ಮಗಳು ಮೊಬೈಲಿಗಾಗಿ ಅಳುತ್ತಿದ್ದಾಳೆ ಅಂದುಕೊಂಡಿದ್ದರು ಎಲ್ಲರೂ. ನಯನಳೂ. ಎಮ್ಮೆಯ ಮೇಲೆ, ಅಕ್ಕಿಯ ಡಬ್ಬದ ಮೇಲೆ, ಯಾರದೋ ಮುಖದ ಮೇಲೆ ಬೆರಳಿಟ್ಟು ಅವಳು ಹಲ್ಲುನೋವು ಅಂತ ಹೇಳುತ್ತಲೇ ಇದ್ದಳು. ಕೆನ್ನೆಗೆ ಹೊಡೆದುಕೊಂಡಾಗ ನಯನಳೇ ಕೈ ಹಿಡಿದು ಗದರಿಸಿದ್ದಳು.

ಹಲ್ಲಿನ ಡಾಕ್ಟರು ಎರಡು ಬೀದಿ ಆಚೆ ಇದ್ದರು. ಚೌಡೇಶ್ ಹಳೆ ಮೊಬೈಲ್ ವಾಪಸು ಕೇಳಲಿಲ್ಲ, ತೃಪ್ತಿಯೂ ಬಿಡಲಿಲ್ಲ. ಕಾಯುವ ಬೆಂಚಿನ ಮೇಲೆ ಕೂತು ಅವಳು ಬಿಳಿ ಪರದೆಯನ್ನು ಮತ್ತೆ ತಳ್ಳತೊಡಗಿದಳು. ಐದು ಸಲ, ಆರು, ಏಳು. ನಡುವಿನ ಒಂದು ಜಾಗದಲ್ಲಿ ಬೆರಳಿಟ್ಟು ಒತ್ತಿದಳು.

ಏಳು ಸಲ ತಳ್ಳಿದರೆ ಯಾವ ವರ್ಷ? ಮಳೆಗಾಲವೋ, ದೀಪಾವಳಿಯೋ?

"ಅಜ್ಜಿನಾ? ಚಾದರಾನಾ? ಮನೆಗೆ ಹೋಗೋಣ ಅಂತಿಯಾ?" ನಯನ ಇನ್ನೂ ಹತ್ತಿರ ಬಾಗಿದಳು. "ನಾನಾ? ಅಮ್ಮನಾ? ಹೆದ್ರಿಕೆನಾ ಪುಟ್ಟಿ? ಹೆದ್ರಿಕೆಗೆ ಯಾವ ಫೋಟೋ ತೆಗೆದಿದ್ದೆ ನಾನು?"

ಒಳಗಿನಿಂದ ನರ್ಸ್ ತಲೆ ಹಾಕಿದಳು. "ತೃಪ್ತಿ ಯಾರ್ರೀ? ಬರ್ರಿ, ಡಾಕ್ಟರು ಕರೀತಾರೆ."

"ಒಂದು ನಿಮಿಷ ರೀ," ಅಂದಳು ನಯನ, ಆ ಬೆರಳಿನಿಂದ ಕಣ್ಣು ತೆಗೆಯದೆ. "ಏನೋ ಹೇಳ್ತಾ ಇದಾಳೆ."