ಹೂಂ ಅನ್ನುವವರೆಗೂ

ನನ್ನ ಗಂಡ ಮರಿಯಪ್ಪನಿಗೆ ಒಂದು ಕೆಟ್ಟ ಚಾಳಿ ಇತ್ತು. ಟೆಂಪೋ ಹತ್ತಿ ಕೂತು "ಹೋಗ್ಬುಟ್ ಬತ್ತೀನಿ ಕಣೇ ಸರಸಾ" ಅನ್ನುತ್ತಿದ್ದ. ನಾನು ಒಳಗಿನಿಂದ "ಹೂಂ, ಬಾ" ಅನ್ನುವವರೆಗೂ ಕೀಲಿ ತಿರುಗಿಸುತ್ತಿರಲಿಲ್ಲ. ನಾನು ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿರಲಿ, ಬಾಯಿ ತುಂಬ ಮುದ್ದೆ ಇರಲಿ, ಅವನಿಗೆ ನನ್ನ ಹೂಂ ಬೇಕೇ ಬೇಕು.

"ನನ್ ಹೂಂನಾಗೆ ಡೀಸಲ್ ಐತಾ?" ಎಂದು ರೇಗುತ್ತಿದ್ದೆ.

"ನಮ್ಮವ್ವ ಹಂಗೇ ಕಳಿಸೋಳು. ಕೇಳಿಸ್ಕೊಳ್ದೆ ಹೋದ್ರೆ ಕೈ ಆಡಲ್ಲ ಕಣೇ" ಎಂದು ಹಲ್ಲು ಕಿರಿಯುತ್ತಿದ್ದ.

ನಮ್ಮ ದೊಡ್ಡಿ, ನಾಲ್ಕಾರು ಮನೆಯ ಹಳ್ಳಿ, ಇರುವುದು ಕನಕಪುರದ ಆಚೆ, ಕಾಡಂಚಿನ ಗುಡ್ಡಗಳ ಬೆನ್ನಿಗೆ. ಇಲ್ಲಿ ಫೋನು ಟಾರ್ಚ್ ಬಿಡುವುದಕ್ಕೆ ಮಾತ್ರ ಆಗುತ್ತದೆ. ಟವರ್ ಹಾಕಲು ಕಾಡಿನ ಇಲಾಖೆಯವರು ಬಿಡಲಿಲ್ಲ. ಆಗ ಬಂದಳು ಧನುಶ್ರೀ, ಇಂಜಿನಿಯರಿಂಗ್ ಕಾಲೇಜಿನ ಹುಡುಗಿ. ನಮ್ಮ ಮನೆ ಗೋಡೆಗೊಂದು, ಹಾಲಿನ ವ್ಯಾನಿಗೊಂದು, ಮರಿಯಪ್ಪನ ಟೆಂಪೋ ಸೇರಿ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಗಾಡಿಗಳಿಗೊಂದೊಂದು ಡಬ್ಬಿ ಬಿಗಿದಳು.

"ಟವರ್ ಬೇಡ ಆಂಟಿ, ಗಾಡಿಗಳೇ ಮಾತನ್ನ ಹೊತ್ಕೊಂಡು ಹೋಗ್ತವೆ" ಅಂದಳು. ಡಬ್ಬಿಗೆ ಮಾತಾಡಿದರೆ ಅದು ಹಿಡಿದಿಟ್ಟುಕೊಳ್ಳುತ್ತದಂತೆ. ದಾರಿಯಲ್ಲಿ ಎರಡು ಗಾಡಿ ಎದುರಾದರೆ ಒಂದರಲ್ಲಿರುವ ಮಾತು ಇನ್ನೊಂದಕ್ಕೂ ಹತ್ತುತ್ತದಂತೆ. ಯಾರು ಮೊದಲು ಊರು ಮುಟ್ಟುತ್ತಾರೋ ಅವರದೇ ಟಪಾಲು. ಯಾರ ಹೆಸರಿಗೆ ಬಂದಿದೆಯೋ ಅವರು ಗುಂಡಿ ಒತ್ತಿ ಕೇಳಬೇಕು. ಕೇಳುವುದು ಒಂದೇ ಸಲ. ಕೇಳಿದ ಮೇಲೆ ಎಲ್ಲ ಡಬ್ಬಿಗಳಿಂದಲೂ ಅದು ಅಳಿದುಹೋಗುತ್ತದೆ. ಕೇಳದಿದ್ದರೆ ಗಾಡಿಯಿಂದ ಗಾಡಿಗೆ ಸುತ್ತುತ್ತಲೇ ಇರುತ್ತದೆ.

ಹೋದ ವರ್ಷ ಬೇಸಿಗೆಯಲ್ಲಿ ಮರಿಯಪ್ಪ ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟಿ, ಚಂದ್ರಿಕೆ, ತರುವುದಕ್ಕೆ ಚನ್ನಪಟ್ಟಣದ ಹತ್ತಿರ ಬೈರಾಪಟ್ಟಣಕ್ಕೆ ಹೋದ. ಸಂಜೆ ಪಕ್ಕದ ಮನೆಯ ಜಯಕುಮಾರ ಬೈಕಿನಲ್ಲಿ ಬಂದು ನಮ್ಮ ಬಾಗಿಲಲ್ಲಿ ಕುಸಿದು ಕೂತ. ಕೆಂಗಲ್ ಹನುಮಂತನ ಗುಡಿಯ ಹತ್ತಿರ ರಸ್ತೆ ಬದಿ ನಿಂತಿದ್ದ ಟೆಂಪೋಗೆ ಲಾರಿ ಹೊಡೆದಿತ್ತು. ಮರಿಯಪ್ಪ ಒಳಗೇ ಕೂತಿದ್ದ.

ನಾನು ಎದೆ ಬಡಿದುಕೊಳ್ಳುತ್ತಿರುವಾಗಲೇ ಚನ್ನಪಟ್ಟಣದ ಗೌಸ್‌ನ ವ್ಯಾನು ಬಂತು. ಅವನೂ ಗೂಡು ಸಾಗಿಸುವವನೇ. ಮಧ್ಯಾಹ್ನ ಕೆಂಗಲ್‌ನಲ್ಲಿ ಮರಿಯಪ್ಪನನ್ನು ಕಂಡು ಹಾರನ್ ಹೊಡೆದು, ನಿಲ್ಲಿಸದೆ ಹೋಗಿ, ರಾಮನಗರದಲ್ಲಿ ಗೂಡು ಇಳಿಸಿ ಬಂದಿದ್ದನಂತೆ. ಆಮೇಲೆ ಆದದ್ದೊಂದೂ ಅವನಿಗೆ ಗೊತ್ತಿರಲಿಲ್ಲ. ವ್ಯಾನು ಅಂಗಳಕ್ಕೆ ಬರುತ್ತಿದ್ದಂತೆ ಗೋಡೆಯ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ನನ್ನ ಹೆಸರಿಗೆ ಮಾತು ಬಂದಿತ್ತು. ಕಳಿಸಿದವನು ಮರಿಯಪ್ಪ.

ನಾನು ಗುಂಡಿ ಒತ್ತಲಿಲ್ಲ. ಒತ್ತಿದರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಅವನು ನನಗೆ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಒತ್ತದಿದ್ದರೆ ಹೇಳುವುದು ಒಂದು ಬಾಕಿ ಇರುತ್ತದೆ. ಹುಚ್ಚಿ ಅಂದರು. ಅನ್ನಲಿ, ಅವರ ಗಂಟೇನು ಹೋಗಬೇಕು!

ಹಾಗೆ ನನ್ನ ಗಂಡ ಎಲ್ಲರ ಗಾಡಿಯಲ್ಲೂ ತಿರುಗತೊಡಗಿದ. ಮಾಗಡಿಯ ಕಲ್ಯಕ್ಕೂ ಹೋದ, ರಾಮನಗರದ ಗೂಡಿನ ಮಾರುಕಟ್ಟೆಗೂ ಹೋದ. ಡ್ರೈವರುಗಳು ಡಬ್ಬಿಯ ಪಕ್ಕದ ಸೀಟಿಗೆ ಯಾರನ್ನೂ ಕೂರಿಸುತ್ತಿರಲಿಲ್ಲ. ಹಾಲಿನ ವ್ಯಾನಿನವನು ದಿನಾ ಊದುಬತ್ತಿ ಹಚ್ಚುತ್ತಿದ್ದ. ನಾನೂ ಗಾಡಿ ಬಂದಾಗಲೆಲ್ಲ ಹೊರಗೆ ಬಂದು ಆ ಖಾಲಿ ಸೀಟು ನೋಡಿ ಒಳಗೆ ಹೋಗುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗೌಸ್ ಬಂದು ಜಗಲಿಯ ಮೇಲೆ ಕೂತ. ಮುಖ ಬಾಡಿತ್ತು.

"ಅಕ್ಕಾ, ಒಂದ್ ಮಾತು. ಬೈಬೇಡ."

"ಬೈಯೋ ಹಂಗಿದ್ರೆ ಬೈತೀನಿ. ಹೇಳು."

"ಕೆಂಗಲ್ ಹತ್ರ ಬಂದ್ರೆ ನನ್ ಕಾಲು ತಾನೇ ಬ್ರೇಕ್ ಮೇಲೆ ಹೋಯ್ತದೆ ಅಕ್ಕಾ. ಅವ್ನ ಗಾಡಿ ನಿಂತಿದ್ದ ಜಾಗದಲ್ಲೇ ನಿಲ್ತೀನಿ. ಎಷ್ಟೊತ್ತು ನಿಂತೆ ಅಂತಾನೂ ಗೊತ್ತಾಗಲ್ಲ. ಹಾಲಿನ ವ್ಯಾನಿನೋನಿಗೂ ಹಂಗೇ ಆಗೈತೆ. ಮೊನ್ನೆ ಗೂಡೆಲ್ಲ ಬಿಸಿಲಿಗೆ ಬೆಂದೋದ್ವು. ಹಿಂದಿಂದ ಲಾರಿಗಳು ಬತ್ತಾವೆ ಅಕ್ಕಾ. ನನ್ಗೂ ಹೆಂಡ್ತಿ ಫಿರೋಜಾ ಅವ್ಳೆ, ಮಗು ಐತೆ. ಅವ್ನು ಅದೇನ್ ಹೇಳ್ಬೇಕಂತ ಕೂತವ್ನೋ, ಒಸಿ ಕೇಳ್ಬುಡು."

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ ಕಾಲಿಗೆ ಬುದ್ಧಿ ಹೇಳಾಕೆ ಆಗ್ದಿದ್ರೆ ನನ್ ಗಂಡನ್ ಮೇಲೆ ಹಾಕ್ತೀಯೇನ್ಲಾ?" ಎಂದು ಕೂಗಾಡಿದೆ. ಅವನು ತಲೆ ತಗ್ಗಿಸಿ ಕೂತೇ ಇದ್ದ. ಅವನ ಬಲಗಾಲು ಬ್ರೇಕ್ ಮೇಲಿದ್ದಂತೆ ನೆಲವನ್ನು ಒತ್ತುತ್ತಿತ್ತು. ಆ ಕಾಲನ್ನೇ ನೋಡಿದೆ. ನಾಳೆ ಆ ರಸ್ತೆಯಲ್ಲಿ ಫಿರೋಜಾಳ ಗಂಡನಿಗೂ ಲಾರಿ ಹೊಡೆದರೆ?

ಎದ್ದು ಹೋಗಿ ಗುಂಡಿ ಒತ್ತಿದೆ.

ಗರಗರ ಸದ್ದು. ಹಾರನ್ನುಗಳು. ಆಮೇಲೆ ಅವನು.

"ಸರಸಾ, ಕೆಂಗಲ್ ಗುಡಿ ಮುಂದೆ ಟೈರ್ ಪಂಚರ್ ಆಗೋಯ್ತು ಕಣೇ. ಪಂಚರ್ ಅಂಗಡಿಯೋನು ಊಟಕ್ಕೆ ಹೋಗವ್ನೆ. ಇಗೋ, ಗೌಸ್ ಬತ್ತಾವ್ನೆ, ಈ ಮಾತು ಅವ್ನ ಗಾಡಿ ಹತ್ಕೊಂಡು ಬತ್ತದೆ. ವಾಪಸ್ ಬರೋವಾಗ ನಿನ್ ಹೂಂ ತತ್ತಾನೆ. ಹೋಗ್ಬುಟ್ ಬತ್ತೀನಿ ಅಂತ ಮನೇಲಿ ಹೇಳೋನು, ಇಲ್ಲಿಂದ ಬತ್ತೀನಿ ಅಂತ ಹೇಳ್ಬಾರ್ದಾ? ಹೊರಡ್ಲಾ? ನೀನು ಹೂಂ ಅನ್ನೋವರ್ಗೂ ಇಲ್ಲಿಂದ ಕದಲಾಕಿಲ್ಲ, ನೋಡ್ಕೋ."

ನಕ್ಕ. ಅಷ್ಟೇ. ಹಸಿರು ದೀಪ ಆರಿತು.

ಅಯ್ಯೋ ನನ್ನ ದೇವರೇ! ಬೇಸಿಗೆಯಿಂದ ನಾನು ಅವನ ಮಾತನ್ನು ಕಾಪಾಡಿಕೊಂಡೆ ಅಂದುಕೊಂಡಿದ್ದೆ. ಅವನು ಅಲ್ಲೇ ರಸ್ತೆ ಬದಿ ಕೂತು ನನ್ನ ಮಾತಿಗೆ ಕಾಯುತ್ತಿದ್ದ. ಡಬ್ಬಿಗೆ ಬಾಯಿ ಹಚ್ಚಿ, ಅಳುತ್ತಲೇ, ಅವನ ಗಾಡಿಯ ಹೆಸರಿಗೆ "ಹೂಂ, ಬಾ" ಅಂದೆ. ಕೆಂಪು ದೀಪ ಹತ್ತಿತು. ತಲುಪುವವರೆಗೂ ಅದು ಹಾಗೇ ಇರುತ್ತದೆ. ಗೌಸ್ ನನ್ನ ಹೂಂ ಹೊತ್ತುಕೊಂಡು ಹೊರಟ. ಅವತ್ತಿನಿಂದ ಅವನ ಕಾಲು ಕೆಂಗಲ್‌ನಲ್ಲಿ ತಡೆಯಲಿಲ್ಲ.

ಧನುಶ್ರೀ ಬಂದಾಗ ಕೆಂಪು ದೀಪ ನೋಡಿ ಮುಖ ಸಣ್ಣ ಮಾಡಿಕೊಂಡಳು. "ಆಂಟಿ, ಅಂಕಲ್ ಗಾಡಿ ಡಬ್ಬಿ ಜಜ್ಜಿ ಹೋಗಿದೆ. ಇದು ಯಾವತ್ತೂ ತಲುಪಲ್ಲ, ಸುಮ್ನೆ ಸುತ್ತುತ್ತಿರುತ್ತೆ. ಅಳಿಸಿಬಿಡ್ಲಾ?"

"ಸುತ್ಲಿ ಬುಡವ್ವ. ಅವ್ನೂ ಸುತ್ತಿದ್ನಲ್ಲ" ಅಂದೆ.

ಈವತ್ತು ಸಂಜೆ ಹಾಲಿನ ವ್ಯಾನು ಚನ್ನಪಟ್ಟಣದಿಂದ ಕೆಂಗಲ್ ಮೇಲೆ ಹಾದು ಬಂತು. ಅದು ಅಂಗಳಕ್ಕೆ ತಿರುಗುತ್ತಿದ್ದಂತೆ ಗೋಡೆಯ ಕೆಂಪು ದೀಪ ಆರಿತು. ಡಬ್ಬಿ ಕೆಟ್ಟಿತೇನೋ ಎಂದು, ಅದೇ ವ್ಯಾನಿನಲ್ಲಿ ಬಂದಿಳಿದ ಧನುಶ್ರೀಯನ್ನು ಕರೆದೆ. ಅವಳು ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದಳು, ಮತ್ತೆ ನೋಡಿದಳು.

"ಕೆಟ್ಟಿಲ್ಲ ಆಂಟಿ. ತಲುಪಿದೆ ಅಂತ ತೋರಿಸ್ತಿದೆ" ಅಂದಳು.

ಅವಳು ಹೋದ ಮೇಲೆ ಅಂಗಳಕ್ಕೆ ನೀರು ಹಾಕಿದೆ, ಒಲೆ ಹಚ್ಚಿದೆ. ಬಾಗಿಲು ಮುಚ್ಚಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಹೂಂ ಅಂದರೆ ಹೊರಡುತ್ತೇನೆ ಅಂದಿದ್ದ. ಕೆಂಗಲ್‌ನಿಂದ ನಮ್ಮ ದೊಡ್ಡಿಗೆ ದಾರಿ ಬಹಳ ಏನಿಲ್ಲ.