ಡಬ್ಬಿಗೊಂದು ತಾರೀಕು

ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ಹಾವು ಪಾಪದ್ದು, ಅದಕ್ಕೆ ಮರೆವು ಜಾಸ್ತಿ. ದಿವಾಕರ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ದಿನ ನನ್ನ ದ್ವೇಷಕ್ಕೆ ನಲವತ್ತೊಂದು ವರ್ಷ ತುಂಬಿ ಮೇಲೆ ಏಳು ತಿಂಗಳಾಗಿತ್ತು.

ಹೊನ್ನಾವರದಲ್ಲಿ ಬಂದರಿಗೆ ಹೋಗುವ ದಾರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಬೋರ್ಡಿನ ಮೇಲೆ ‘ಗಂಗಾ ಲೇಡೀಸ್ ಟೇಲರ್’ ಎಂದಿದೆ. ಊರವರ ಬಾಯಲ್ಲಿ ಅದು ಒಕ್ಕಣ್ಣಿಯ ಅಂಗಡಿ. ಎದುರಿಗೆ ಯಾರೂ ಹಾಗನ್ನುವುದಿಲ್ಲ, ಅವರ ಬ್ಲೌಸು ನನ್ನ ಕೈಯಲ್ಲಿರುತ್ತದಲ್ಲ. ನನ್ನ ಎಡಗಣ್ಣು ಬೆಂದ ಮೊಟ್ಟೆಯ ಹಾಗೆ ಬೆಳ್ಳಗೆ ಕೂತಿದೆ. ಹೊಲಿಗೆಗೆ ಒಂದು ಕಣ್ಣು ಸಾಕು. ಹೆಣ್ಣು ನೋಡಲು ಬಂದವರಿಗೆ ಸಾಕಾಗಲಿಲ್ಲ. ಆರು ಕಡೆಯವರು ಬಂದು ಅವಲಕ್ಕಿ ತಿಂದು, ಆಮೇಲೆ ತಿಳಿಸುತ್ತೇವೆಂದು ಹೋದರು. ಏಳನೆಯವರಿಗೆ ಬರಬೇಡಿ ಎಂದು ನಾನೇ ಹೇಳಿ ಕಳಿಸಿದೆ.

ದಿವಾಕರ ನನ್ನನ್ನು ಹುಡುಕಿ ಬಂದದ್ದಲ್ಲ. ನನ್ನ ಜೊತೆ ಕಾಜಾ, ಗುಂಡಿ ಕೆಲಸ ಮಾಡುವ ಕವಿತಾ ಒಂದು ಮದುವೆ ಬ್ಲೌಸಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದಳು. ಫೋಟೋದ ಮೂಲೆಯಲ್ಲಿ ನಾನು ಮಷಿನ್ನಿನ ಸೂಜಿ ಹಾಕಿಡುವ ತಗಡಿನ ಡಬ್ಬಿ ಕಾಣುತ್ತಿತ್ತು. ಅಂಗೈಯಗಲದ ದುಂಡು ಡಬ್ಬಿ, ಹಸಿರು ಮುಚ್ಚಳ, ಅದರ ಮೇಲೆ ಗುರಿ ಹಲಗೆಯ ಚಿತ್ರ. ಆ ಫೋಟೋ ಯಾರ ಯಾರದೋ ಕೈ ದಾಟಿ ಕುಮಟೆಯಲ್ಲಿದ್ದ ಅವನನ್ನು ಮುಟ್ಟಿತ್ತು.

“ಈ ಡಬ್ಬಿ ನಿಮ್ಮದೇ ಅಲ್ವಾ ಅಕ್ಕಾ? ಒಮ್ಮೆ ಕೈಯಲ್ಲಿ ಹಿಡಿದು ನೋಡಬೌದಾ?” ಎಂದು ಅವನು ಫೋನು ಮುಂದೆ ಚಾಚಿದ.

ನಾನು ಒಂದೇ ನೋಟಕ್ಕೆ ಗುರುತು ಹಿಡಿದೆ. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು, ಆದರೆ ಬಲ ಹುಬ್ಬಿನ ಮೇಲಿನ ಮಚ್ಚೆ ಎಲ್ಲಿಗೆ ಹೋಗುತ್ತದೆ? ಅವನು ನನ್ನ ಮುಖವನ್ನೇ ಸರಿಯಾಗಿ ನೋಡಲಿಲ್ಲ. ಡಬ್ಬಿಯ ಗುರುತು ಹತ್ತಿತ್ತು ಮಹಾರಾಯನಿಗೆ, ಕಣ್ಣಿನ ಗುರುತು ಹತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಸೂಜಿಗಳನ್ನು ಮೇಜಿನ ಮೇಲೆ ಸುರಿದು, ಖಾಲಿ ಡಬ್ಬಿಯನ್ನು ಅವನ ಕೈಗೆ ಕೊಟ್ಟೆ.

ಅವನು ಬ್ಯಾಂಕಿನಿಂದ ಅವಧಿಗೆ ಮೊದಲೇ ನಿವೃತ್ತನಾದ ಮೇಲೆ ಹಚ್ಚಿಕೊಂಡ ಹುಚ್ಚಂತೆ ಇದು. ಏರ್‌ಗನ್ನಿನ ಸೀಸದ ಗುಂಡು ತುಂಬಿ ಜರ್ಮನಿಯಿಂದ ಬರುತ್ತಿದ್ದ ಹಳೆಯ ಡಬ್ಬಿಗಳನ್ನು ಕೂಡಿಡುವುದು. ಐವತ್ತೆಂಟು ಇದ್ದವಂತೆ. ಹೆಚ್ಚಿನವು ಸಿಕ್ಕಿದ್ದು ಭಟ್ಕಳ, ಜಾಲಿ ಕಡೆಯ ಮನೆಗಳಲ್ಲಿ, ದುಬೈಗೆ ಹೋದವರು ಹಿಂದೆ ಬಂದೂಕಿನ ಜೊತೆ ತಂದು ಅಟ್ಟದ ಮೇಲೆ ಮರೆತವು.

“ವರ್ಷ ಹ್ಯಾಂಗೆ ತಿಳಿತದೆ ಸರ್?” ಎಂದೆ. ಮೀನಿಗೆ ಗಾಳ ಹಾಕುವವರು ಮೊದಲು ಎರೆಹುಳ ಹಾಕಬೇಕು.

ಅವನು ಖುಷಿಯಿಂದ ಕುರ್ಚಿ ಎಳೆದುಕೊಂಡ. “ದೊಡ್ಡ ಯುದ್ಧಕ್ಕಿಂತ ಮೊದಲಿನ ಡಬ್ಬಿ ಮೇಲೆ ಬರೀ ‘ಮೇಡ್ ಇನ್ ಜರ್ಮನಿ’ ಅಂತಿರ್ತದೆ. ಯುದ್ಧ ಆದ್ಮೇಲೆ ದೇಶ ಎರಡಾತು, ಆಗ ‘ವೆಸ್ಟ್ ಜರ್ಮನಿ’ ಅಂತ ಬಂತು. ತೊಂಬತ್ತರಲ್ಲಿ ದೇಶ ಮತ್ತೆ ಒಂದಾತು, ವೆಸ್ಟು ಹೋತು.”

“ಹಂಗಾರೆ ಬರೀ ಜರ್ಮನಿ ಅಂತಿದ್ರೆ ಅದು ತೀರಾ ಹಳೇದೂ ಆಗಬೌದು, ಮೊನ್ನೆ ಮೊನ್ನೆದೂ ಆಗಬೌದು.”

ಅವನು ತಲೆಯೆತ್ತಿದ. “ಬೇಗ ತಿಳೀತು ನಿಮಗೆ. ತೊಂದರೆ ಇರೂದೇ ಅಲ್ಲಿ. ಹೊಸದಾದ್ರೆ ತಳದ ಚೀಟಿ ಮೇಲೆ ಊರಿನ ಪಿನ್‌ಕೋಡು, ಗೆರೆ ಗೆರೆಯ ಬಾರ್‌ಕೋಡು ಇರ್ತದೆ. ನಿಮ್ಮದರ ಮೇಲೆ ಬರೀ ಜರ್ಮನಿ ಅಂತಿದೆ, ಚೀಟಿ ಮಷಿನ್ ಎಣ್ಣೆಗೆ ತೊಳೆದುಹೋಗಿದೆ. ಇನ್ನು ಒಂದೇ ದಾರಿ. ತೊಂಬತ್ತಕ್ಕಿಂತ ಮೊದಲೇ ಇದು ನಿಮ್ಮ ಮನೇಲಿತ್ತು ಅಂತ ನೀವು ಬರೆದುಕೊಡಬೇಕು. ಆಗ ಇದು ಯುದ್ಧಕ್ಕಿಂತ ಹಿಂದಿನದು ಅಂತ ತಾನೇ ಆಗ್ತದೆ.”

ಡಿಸೆಂಬರಿನಲ್ಲಿ ಭಟ್ಕಳದಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿತ್ತು. ಅಲ್ಲಿ ಅವನ ಡಬ್ಬಿಗಳ ಸಾಲಿನಲ್ಲಿ ಮೊದಲನೆಯ ಜಾಗ ಒಂದೇ ಖಾಲಿ ಉಳಿದಿತ್ತು.

“ಎಂತ ಎಂತ ಬರೀಬೇಕು?”

“ಯಾರು ಕೊಟ್ರು, ಯಾವಾಗ ಕೊಟ್ರು, ಎಂತಕ್ಕೆ ಕೊಟ್ರು, ಎಲ್ಲ. ಅರ್ಧಂಬರ್ಧ ಬರೆದ್ರೆ ಜಡ್ಜು ಒಪ್ಪೂದಿಲ್ಲ. ಕತೆ ಇಲ್ಲದ ಡಬ್ಬಿ ಗುಜರಿ, ಅಕ್ಕಾ.” ಡಬ್ಬಿಯನ್ನು ಒಲ್ಲದ ಮನಸ್ಸಿನಿಂದ ಕೆಳಗಿಡುತ್ತ ಅವನು ಇನ್ನೂ ಒಂದು ಮಾತು ಹೇಳಿದ. “ನಮ್ಮ ಮನೇಲೂ ಇಂಥದ್ದೇ ಒಂದಿತ್ತು. ಅಜ್ಜ ಮುಂಬೈಯಿಂದ ತಂದದ್ದು. ಸಣ್ಣವರಿದ್ದಾಗ ಆಡ್ತಾ ಆಡ್ತಾ ಎಲ್ಲೋ ಹೋತು.”

ಆಡ್ತಾ ಆಡ್ತಾ. ನಾನು ನಕ್ಕೆ. ಬರುವ ಶನಿವಾರ ಬನ್ನಿ, ಬರೆದಿಟ್ಟಿರುತ್ತೇನೆ ಎಂದೆ. ಅವನು ಪ್ರದರ್ಶನದ ಕರಪತ್ರ ಕೊಟ್ಟು ಹೋದ.

ಎಲ್ಲಿ ಹೋತು ಎಂದು ನನಗೆ ಗೊತ್ತಿತ್ತು. ಆಗ ಅವರದು ಹೊನ್ನಾವರದಲ್ಲಿ ಕಟ್ಟಿಗೆ ಡಿಪೋ ಇತ್ತು. ನನ್ನ ಅಪ್ಪ ಬೊಮ್ಮಯ್ಯ ಅಲ್ಲಿ ದಿಮ್ಮಿ ಹೊರುತ್ತಿದ್ದ. ಡಿಪೋದ ಹಿಂದೆ ಗೇರುಮರಗಳಿದ್ದವು. ಸಾವಿರದ ಒಂಬೈನೂರ ಎಂಬತ್ನಾಲ್ಕು, ಏಪ್ರಿಲ್ ಇಪ್ಪತ್ತೆರಡು, ಭಾನುವಾರ. ನಾನು ಒಂಬತ್ತು ವರ್ಷದವಳು, ಉದುರಿದ ಗೇರುಹಣ್ಣು ಹೆಕ್ಕುತ್ತಿದ್ದೆ. ಅವನಿಗೆ ಹದಿಮೂರು. ಏರ್‌ಗನ್ನು ಹಿಡಿದು ಅಳಿಲಿಗೆ ಗುರಿಯಿಡುತ್ತಿದ್ದವನು ನನ್ನ ಕಡೆ ಬಂದೂಕು ತಿರುಗಿಸಿ, “ಹೆದರ್ತೀಯೇನೆ?” ಎಂದ. ಇಲ್ಲ ಎಂದೆ. ಕುದುರೆ ಎಳೆದ.

ಗುಂಡು ಕಣ್ಣನ್ನು ಸೀಳಿ ಹಾರಿಹೋಯಿತು. ಒಳಗೆ ಉಳಿದಿದ್ದರೆ ಸುಳ್ಳಿಗೆ ಜಾಗವಿರುತ್ತಿರಲಿಲ್ಲ. ಬಿದ್ದುಕೊಂಡು ಇನ್ನೊಂದು ಕಣ್ಣಿನಿಂದ ನಾನು ಅವನನ್ನು ನೋಡಿದೆ. ಅವನು ಬಾಯಿ ಬಿಡಲಿಲ್ಲ. ಬಂದೂಕು ಮಡಚಿ, ಅಂಗಿಗೆ ಅಂಟಿದ್ದ ಎಲೆ ಕೊಡವಿಕೊಂಡು ನಡೆದುಹೋದ.

ಮೂರನೇ ದಿನ ನಮ್ಮ ಬಿಡಾರಕ್ಕೆ ಬಂದ. ಕೈಯಲ್ಲಿ ಈ ಡಬ್ಬಿ. ಗುಂಡು ತೆಗೆದು ಪೆಪ್ಪರ್‌ಮಿಂಟು ತುಂಬಿದ್ದ. “ಮುಳ್ಳು ತಾಗ್ತು ಅಂತ ಹೇಳು. ನಿನ್ನ ಅಪ್ಪಗೆ ಕೆಲಸ ಬೇಕಲ್ಲ,” ಎಂದ. ಅಪ್ಪ ಅದನ್ನು ಆಗಲೇ ಹೇಳಿಯಾಗಿತ್ತು. ಆಸ್ಪತ್ರೆಯ ಚೀಟಿಯಲ್ಲಿ ತಾರೀಕು ನಿಜ, ಕಾರಣ ಸುಳ್ಳು. ನಾನೂ ಮುಳ್ಳು ಎಂದೆ. ಅಷ್ಟೇ ಅಲ್ಲ, ಪೆಪ್ಪರ್‌ಮಿಂಟು ಒಂದೂ ಬಿಡದೆ ತಿಂದೆ. ಕಣ್ಣು ಹೋದದ್ದಕ್ಕಿಂತ ಹೆಚ್ಚು ಇಂದಿಗೂ ಉರಿಯುವುದು ಅದು. ಡಬ್ಬಿಯನ್ನು ಬಿಸಾಡದೆ ದಿನಾ ಕಣ್ಣೆದುರು ಇಟ್ಟುಕೊಂಡದ್ದು ಅದು ಆರಿಹೋಗಬಾರದೆಂದೇ.

ಶನಿವಾರ ಅವನು ಬಂದ. ನಾನು ಅಂಗಿಯ ಕೈ ಜೋಡಿಸುತ್ತಿದ್ದೆ. ಮಷಿನ್ ನಿಲ್ಲಿಸದೆ ಕಾಗದ ಕೊಟ್ಟೆ. ಮಡಿಕೆ ಬಿಚ್ಚಿ, ಕನ್ನಡಕ ಏರಿಸಿ ಓದಿದ. ಯಾರು, ಯಾವಾಗ, ಎಂತಕ್ಕೆ, ಅವನು ಕೇಳಿದ್ದೆಲ್ಲ ಅದರಲ್ಲಿತ್ತು. ಅವನ ಹೆಸರಿತ್ತು, ಅವನ ಅಪ್ಪನ ಡಿಪೋದ ಹೆಸರಿತ್ತು, ಪೆಪ್ಪರ್‌ಮಿಂಟೂ ಇತ್ತು.

ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ. “ಬೊಮ್ಮಯ್ಯನ ಮಗಳಾ?” ಎಂದ.

“ಹೌದು ಸರ್.”

“ನಾನು ಆಗ ಹದಿಮೂರು ವರ್ಷದ ಹುಡುಗ, ಗಂಗಾ.”

“ನಾನು ಒಂಬತ್ತರವಳು.”

ಅವನು ಕಾಗದವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕವಿತಾ ಗುಂಡಿ ಹಚ್ಚುವುದನ್ನು ಬಿಟ್ಟು ಕೂತಿದ್ದಳು. ಕೊನೆಗೆ ಅವನು ದನಿ ತಗ್ಗಿಸಿ, “ಇದನ್ನು ಹರಿದು ಇನ್ನೊಂದು ಬರೆದುಕೊಡು. ಎಂಬತ್ನಾಲ್ಕರಿಂದ ಮನೆಯಲ್ಲಿತ್ತು ಅಂತ ಬರೆದ್ರೆ ಸಾಕು. ನಿನಗೆ ಎಂತ ಬೇಕು ಹೇಳು,” ಎಂದ.

ಎಂತ ಬೇಕು ಹೇಳು! ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರುತ್ತದೇನೋ ಎಂದು ನಾನು ಅಷ್ಟು ಹೊತ್ತು ಕಾದಿದ್ದೆ ಎಂಬುದು ನನಗೇ ಆಗ ತಿಳಿಯಿತು. ತಿಳಿದು ಇನ್ನೂ ಸಿಟ್ಟು ಬಂತು.

“ಅರ್ಧಂಬರ್ಧ ಬರೆದ್ರೆ ಜಡ್ಜು ಒಪ್ಪೂದಿಲ್ಲ ಸರ್. ನೀವೇ ಹೇಳಿದ್ದು,” ಎಂದು ಅವನ ಕೈಯಿಂದ ಕಾಗದ ಕಿತ್ತುಕೊಂಡೆ. ಅವನು ಡಬ್ಬಿಯನ್ನು ಒಮ್ಮೆ ನೋಡಿ ಮೆಟ್ಟಿಲಿಳಿದ. ನನ್ನ ಕಣ್ಣನ್ನಲ್ಲ, ಡಬ್ಬಿಯನ್ನು.

ಅವನು ಬಿಟ್ಟುಹೋಗಿದ್ದ ಕರಪತ್ರ ಮೇಜಿನ ಮೇಲೇ ಇತ್ತು. ‘ಹಳೆಯ ವಸ್ತು ಇರುವ ಯಾರೂ ಭಾಗವಹಿಸಬಹುದು. ಲಿಖಿತ ವಿವರ ಕಡ್ಡಾಯ.’ ನನ್ನ ಹತ್ತಿರ ಎರಡೂ ಇದ್ದವು.

ಪ್ರದರ್ಶನದ ಭಾನುವಾರ ನಾನೂ ಕವಿತಾಳೂ ಬೆಳಿಗ್ಗೆಯ ಬಸ್ಸಿಗೆ ಭಟ್ಕಳಕ್ಕೆ ಹೋದೆವು. ಸಭಾಭವನದ ತುಂಬ ಮೇಜುಗಳು, ಹಳೆಯ ನಾಣ್ಯ, ಸ್ಟಾಂಪು, ಹಿತ್ತಾಳೆ ದೀಪ. ದಿವಾಕರನದು ಗಾಜಿನ ಪೆಟ್ಟಿಗೆ, ಒಳಗೆ ಮಕಮಲ್ಲು, ಐವತ್ತೆಂಟು ಡಬ್ಬಿ, ಒಂದೊಂದರ ಕೆಳಗೂ ಇಸವಿ. ಹೆಂಡತಿ ಬಂದಿದ್ದಳು, ಬ್ಯಾಂಕಿನ ಗೆಳೆಯರು ಬಂದಿದ್ದರು. ನನಗೆ ಬಾಗಿಲ ಪಕ್ಕ ಒಂದು ಸಣ್ಣ ಮೇಜು ಸಿಕ್ಕಿತು. ಸೂಜಿಗಳನ್ನು ಕಾಗದದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡು, ಖಾಲಿ ಡಬ್ಬಿ ಇಟ್ಟೆ. ಆ ಕಾಗದವನ್ನು ದಪ್ಪ ಅಕ್ಷರದಲ್ಲಿ ಇನ್ನೊಮ್ಮೆ ಬರೆದು ತಂದಿದ್ದೆ, ಅದನ್ನು ಗೋಡೆಗೆ ಅಂಟಿಸಿದೆ.

ಮೊದಲು ಇಬ್ಬರು ಓದಿದರು. ಆಮೇಲೆ ಹತ್ತು ಜನ. ಓದಿದವರು ಒಬ್ಬೊಬ್ಬರಾಗಿ ಗಾಜಿನ ಪೆಟ್ಟಿಗೆಯ ಕಡೆ ತಿರುಗಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅವನ ಹೆಂಡತಿಯೂ ಬಂದು ಓದಿದಳು. ಎರಡು ಸಲ ಓದಿ, ನನ್ನ ಕಣ್ಣು ನೋಡಿ, ಹೊರಗೆ ಹೋಗಿ ಕಾರಿನಲ್ಲಿ ಕೂತಳು.

ಜಡ್ಜು ನರೇಶ ಎಂಬವರು, ಸ್ಟಾಂಪು ನೋಡಿ ನೋಡಿ ಬೆನ್ನು ಬಾಗಿದ ಮುದುಕರು. ಭೂತಗನ್ನಡಿ ಹಿಡಿದು ಡಬ್ಬಿ ನೋಡಿದರು, ಕಾಗದ ಓದಿದರು. “ನೀವು ಬರೆದದ್ದು ಸತ್ಯ ಆದ್ರೆ ಈ ಭವನದಲ್ಲಿ ಇದಕ್ಕಿಂತ ಹಳೆಯ ಡಬ್ಬಿ ಇಲ್ಲ. ಸುಳ್ಳಾದ್ರೆ ಇದು ಗುಜರಿ,” ಎಂದರು. “ಕೊಟ್ಟವರು ಇಲ್ಲೇ ಇದ್ದಾರಲ್ಲ, ಕೇಳುವಾ.”

ದಿವಾಕರನನ್ನು ಕರೆದರು. ಜನ ದಾರಿ ಬಿಟ್ಟು ನಿಂತರು. ಇಲ್ಲ ಎಂದರೆ ಅವನು ಬಚಾವು, ನಾನು ಸುಳ್ಳಿ, ಆಸ್ಪತ್ರೆಯ ಚೀಟಿಯಲ್ಲಿ ಮುಳ್ಳೆಂದೇ ಇದೆ. ಅವನು ಇಲ್ಲ ಎಂದೇ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿದ. ಮುಚ್ಚಳದ ಮೇಲೆ ಹೆಬ್ಬೆರಳು ಸವರಿದ.

“ಹೌದು,” ಎಂದ. “ಎಂಬತ್ನಾಲ್ಕರಲ್ಲಿ ನಾನೇ ಇವರಿಗೆ ಕೊಟ್ಟದ್ದು. ನನ್ನ ಅಜ್ಜನ ಡಬ್ಬಿ. ಹಾಗಾಗಿ ಇದು ಯುದ್ಧಕ್ಕಿಂತ ಮೊದಲಿನದೇ, ಸಂಶಯ ಬೇಡ.”

ಅವನ ಮುಖದಲ್ಲಿ ಒಂದು ಬಗೆಯ ಬೆಳಕಿತ್ತು. ಡಬ್ಬಿಯನ್ನು ಸುಳ್ಳು ಮಾಡಲು ಆ ಮನುಷ್ಯನಿಗೆ ಮನಸ್ಸು ಬರಲಿಲ್ಲ.

“ಮತ್ತೆ ಕಣ್ಣಿನ ವಿಷಯ?” ಎಂದರು ನರೇಶರು.

“ಅದೂ ಹೌದು.”

ಅದೂ. ನಲವತ್ತೊಂದು ವರ್ಷ ನಾನು ಕಾದದ್ದು ಈ ‘ಅದೂ’ಗೆ. ಸುತ್ತಲಿದ್ದವರು ಛೀ ಎಂದರು, ಅವನ ಗೆಳೆಯರು ಮೆಲ್ಲಗೆ ಹಿಂದೆ ಸರಿದರು. ಇಷ್ಟು ಸಿಕ್ಕಿದರೆ ಸಾಕು ಎಂದೇ ನಾನು ಹೊನ್ನಾವರದಿಂದ ಹೊರಟದ್ದು. ಸಾಕಾಗಲಿಲ್ಲ. ಅವನಿಗೆ ಆ ಜನರ ಪರಿವೆಯೇ ಇರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿ, “ಇನ್ನು ಇದರಲ್ಲಿ ಸೂಜಿ ಹಾಕಬೇಡ ಗಂಗಾ. ಬಣ್ಣ ಎದ್ದುಹೋಗ್ತದೆ,” ಎಂದ. ಅಷ್ಟು ಮೆತ್ತಗಿನ ದನಿಯಲ್ಲಿ ಅವನು ನನ್ನ ಹತ್ತಿರ ಎಂದೂ ಮಾತಾಡಿರಲಿಲ್ಲ.

ದರ್ಜಿಯವಳ ಚೀಲದಲ್ಲಿ ಕತ್ತರಿ ಇದ್ದೇ ಇರುತ್ತದೆ. ತೆಗೆದೆ. ಎಡಗೈಯಲ್ಲಿ ಡಬ್ಬಿ ಅದುಮಿ ಹಿಡಿದು, ಕತ್ತರಿಯ ತುದಿಯನ್ನು ಮುಚ್ಚಳದ ಮೇಲಿಟ್ಟು ಒತ್ತಿ ಎಳೆದೆ. ಹಸಿರು ಬಣ್ಣ ಸುರುಳಿ ಸುರುಳಿಯಾಗಿ ಎದ್ದಿತು, ಕೆಳಗಿನ ಬಿಳಿ ತಗಡು ಕಂಡಿತು. ಇಪ್ಪತ್ತೆರಡು. ನಾಲ್ಕು. ಎಂಬತ್ನಾಲ್ಕು. ಗುರಿ ಹಲಗೆಯ ನಟ್ಟನಡುವೆ, ಒಂದೊಂದು ಅಂಕಿಯನ್ನೂ ಎರಡೆರಡು ಸಲ ತಿದ್ದಿದೆ.

“ಅಯ್ಯೋ!” ಎಂದು ದಿವಾಕರ ಕೂಗಿದ. ಎರಡೂ ಕೈ ಮುಂದೆ ಚಾಚಿ, ಮಗು ಬಿದ್ದದ್ದನ್ನು ಕಂಡವನ ಹಾಗೆ ಕೂಗಿದ. ಭವನವೆಲ್ಲ ತಿರುಗಿ ನೋಡಿತು. ಗೇರುಮರದ ಕೆಳಗೆ ನಾನು ಬಿದ್ದಿದ್ದಾಗ ಬಾರದೇ ಹೋದ ಸ್ವರ ಅದು.

“ತಾರೀಕು ಬೇಕಿತ್ತಲ್ಲ ಸರ್,” ಎಂದೆ. “ಇನ್ನು ಯಾರಿಗೂ ಸಂಶಯ ಬರೂದಿಲ್ಲ.”

ಸೂಜಿಗಳನ್ನು ಮತ್ತೆ ಡಬ್ಬಿಗೆ ತುಂಬಿ, ಗೋಡೆಯ ಕಾಗದ ಅಲ್ಲೇ ಬಿಟ್ಟು, ಕವಿತಾಳ ಜೊತೆ ಕುಮಟೆ ಬಸ್ಸು ಹತ್ತಿದೆ. ಹೊನ್ನಾವರ ಬರುವವರೆಗೂ ಆ ಅಯ್ಯೋವನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದೆ. ಪೆಪ್ಪರ್‌ಮಿಂಟಿನಷ್ಟೇ ಸಿಹಿಯಾಗಿತ್ತು, ಈ ಸಲ ತಿಂದದ್ದಕ್ಕೆ ನಾಚಿಕೆಯಾಗಲಿಲ್ಲ.